ಚಹಾದಲ್ಲಿ ಮುಳುಗೆದ್ದ ಕ್ಯಾಪ್ಟನ್

ಇವತ್ತು ಬೆಳಿಗ್ಗೆ ದಿನಪತ್ರಿಕೆಯ ಮೇಲೆ ಚಹಾ ಚೆಲ್ಲಿಕೊಂಡೆ. ಬಿಸಿಲಿಗಿಟ್ಟ ಹಾಳೆಯಿಂದ ಎದ್ದ ವಾಸನೆಗೆ ಈ ವಯಸ್ಸಿನಲ್ಲೂ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ, ನಗಬೇಡಿ.

ತೊಂಬತ್ತರ ದಶಕದ ಕೊನೆ. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತ. ಮೈಗೆಲ್ಲ ಕಡಲೆಕಾಯಿ ಹಿಂಡಿಯ ವಾಸನೆ, ತಲೆಯಲ್ಲಿ ಹಳೆಯ ಕ್ರಿಕೆಟ್ ಕಾರ್ಡುಗಳ ಹುಚ್ಚು. ಅಪ್ಪನ ಕಾಲದಲ್ಲಿ ಚ್ಯೂಯಿಂಗ್ ಗಮ್ ಜೊತೆ ಬರುತ್ತಿದ್ದ, ಆಟಗಾರರ ಚಿತ್ರವಿರುವ ಕಾರ್ಡುಗಳವು. ಬಸ್ ಸ್ಟ್ಯಾಂಡಿನ ಹತ್ತಿರ ಹಳೇ ಪುಸ್ತಕ ಹರವಿಕೊಂಡು ಕೂರುತ್ತಿದ್ದವನಿಂದ ಕೊಂಡ, ಹಳದಿಗಟ್ಟಿದ ಕ್ಯಾಪ್ಟನ್ ಕಾರ್ಡನ್ನಂತೂ ಊರಿಗೆಲ್ಲ ತೋರಿಸಿದ್ದೆ.

ಅದನ್ನೇ ಜೇಬಿನಲ್ಲಿಟ್ಟುಕೊಂಡು ಅವ್ವನ ಜೊತೆ ಮೊಳಕಾಲ್ಮೂರಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ಸರೋಜ, ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವಳು. ಅವಳ ಅಪ್ಪ "ಹವ್ಯಾಸ ಏನೈತಪ್ಪ?" ಎಂದದ್ದೇ ತಡ, ಕ್ಯಾಪ್ಟನ್ ಹೊರಬಂದ. ಜೊತೆಗೆ ನನ್ನಪ್ಪ ಚಿಕ್ಕಂದಿನಲ್ಲಿ ಕೂಡಿಟ್ಟಿದ್ದ ಒಂದು ಕಾರ್ಡೂ.

ಸರೋಜ ಎರಡನ್ನೂ ಬಾಗಿಲ ಬೆಳಕಿಗೆ ಒಯ್ದು, ನೂಲಿನ ಎಳೆ ನೋಡುವ ಪುಟ್ಟ ಭೂತಗನ್ನಡಿ ಹಿಡಿದಳು. ಆಮೇಲೆ ಮೂಸಿದಳು.

"ಈ ಕ್ಯಾಪ್ಟನ್ ಹಳಬನಲ್ಲರಿ. ಚಹಾದಾಗೆ ಅದ್ದಿ ತೆಗೆದವ್ರೆ."

"ಊರುಕೋಮ್ಮಾ!" ಅವಳಪ್ಪ ತೆಲುಗಿನಲ್ಲಿ ಗದರಿ ಸುಮ್ಮನಾಗಿಸಲು ನೋಡಿದರು.

"ಹೆಂಗ್ ಹೇಳ್ತೀರಿ?" ನನ್ನ ದನಿ ಕೀರಲಾಗಿತ್ತು.

"ನೀವೇ ನೋಡ್ರಿ. ನಿಮ್ಮಪ್ಪಾರ ಕಾರ್ಡಿನಾಗೆ ಹೆಸರು ಒಂದೇ ಸಮ ಕಪ್ಪಗೈತೆ. ಇದ್ರಾಗೆ ಅಕ್ಷರಾನೂ ಚುಕ್ಕಿ ಚುಕ್ಕಿ. ಹಳೇದರ ಫೋಟೋ ತೆಗೆದು ತಿರುಗಾ ಅಚ್ಚು ಹಾಕವ್ರೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ, "ಬಾಯಿ ಜೋರೈತೆ ಕಣೋ, ಬ್ಯಾಡ" ಅಂದಳು.

"ಕಣ್ಣು ಚುರುಕೈತವ್ವ" ಅಂದೆ.

ಮುಂದಿನ ಭಾನುವಾರ ಕಾರ್ಡಿನ ಡಬ್ಬಿ ಸಮೇತ ಒಬ್ಬನೇ ಹೋದೆ. ತನ್ನ ಅಪ್ಪನ ಎದುರೇ ಸರೋಜ ಅವನ್ನು ಎರಡು ಗುಡ್ಡೆ ಮಾಡಿದಳು. ನಕಲಿ ಗುಡ್ಡೆ ಏರುತ್ತಲೇ ಹೋಯಿತು.

"ಬೇಜಾರಾಯ್ತೇನ್ರಿ?"

"ಇಲ್ಲ."

"ಈ ಸುಳ್ಳು ಬರಿಗಣ್ಣಿಗೇ ಕಾಣ್ತೈತೆ ಬಿಡ್ರಿ."

ಅವಳಪ್ಪನೂ ನಕ್ಕುಬಿಟ್ಟರು. ಆ ವರ್ಷವೇ ನಮ್ಮ ಮದುವೆಯಾಯಿತು. ಕಾರ್ಡು ನೋಡುವುದನ್ನು ಅವಳಿಂದಲೇ ಕಲಿತೆ. ತೀರ್ಪು ಕೊಡುವ ಗತ್ತು ಮಾತ್ರ ನನ್ನದೇ.

ಆ ಗತ್ತು ಇವತ್ತು ಮಧ್ಯಾಹ್ನ ಇಳಿಯಿತು. ನನ್ನ ತೀರ್ಪು ಕೇಳಲೆಂದು ಮನೆಗೆ ಬಂದ ನಿವೃತ್ತ ಕಂಡಕ್ಟರೊಬ್ಬರು ಕರವಸ್ತ್ರದಲ್ಲಿ ಸುತ್ತಿದ್ದ ಕಾರ್ಡೊಂದನ್ನು ಬಿಚ್ಚಿ, "ಅಸಲಿ ಐತಲ್ರಿ?" ಎಂದರು. ನೋಡಿದ ಕೂಡಲೇ ತಿಳಿಯಿತು. ಹೇಳಲು ಮಾತ್ರ ಹೊತ್ತು ಹಿಡಿಯಿತು.

"ಅಲ್ಲ, ಯಜಮಾನ್ರೇ."

ಅವರು ಖಾಲಿ ಕರವಸ್ತ್ರವನ್ನು ಮಡಿಚಿಕೊಂಡರು. "ಇರ್ಲಿ ಬಿಡ್ರಿ. ಇಷ್ಟು ವರ್ಷ ಖುಷಿ ಕೊಟ್ಟೈತೆ" ಎಂದು ಕೈ ಚಾಚಿದರು. ನಾನು ಎದ್ದು ನಿಂತು, ಎರಡೂ ಕೈಯಲ್ಲಿ ಹಿಡಿದು ಅದನ್ನು ಹಿಂದಿರುಗಿಸಿದೆ.