ಮೂರು ಕಾಲಿಗೆ ಲಾಳ

ಕುದುರೆ ಸವಾರಿ ಕಲಿಸುವ ಆ ಲಾಯದಲ್ಲಿ ಎಲ್ಲರೂ ಅವನನ್ನು ಮೊಳೆಯಣ್ಣ ಎನ್ನುತ್ತಿದ್ದರು. ಕುದುರೆಗಳಿಗೆ ಲಾಳ ಹೊಡೆಯುವುದು ಅವನ ಕಸುಬು. ಆ ಕಸುಬಿನವರೆಲ್ಲ ಲಾಳ ಕೂರಿಸುವ ಹೊತ್ತಿಗೆ ನಾಲ್ಕಾರು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಾರೆ. ಎರಡೂ ಕೈಗೆ ಕೆಲಸವಿರುವಾಗ ಬಾಯೇ ಜೇಬು. ಇವನು ಮಾತ್ರ ಬೆಳಿಗ್ಗೆ ಗೇಟು ದಾಟುವಾಗ ಬಾಯಿಗೆ ಹಾಕಿಕೊಂಡರೆ ತೆಗೆಯುತ್ತಿದ್ದುದು ಮನೆಗೆ ಹೊರಡುವಾಗಲೇ. ಹೆಂಡತಿ ಸತ್ತ ಮೇಲೆ ಬಂದ ಅಭ್ಯಾಸ. ಬಾಯಿತುಂಬ ಮೊಳೆ ಇರುವವನನ್ನು ಯಾರು ತಾನೇ "ಹೇಗಿದ್ದೀಯಪ್ಪಾ" ಎಂದು ಕೇಳುತ್ತಾರೆ? ಕೇಳಿದರೂ "ಹೂಂ" ಎಂದರೆ ಮುಗಿಯಿತು.

ಅವಳು ಹೋದಾಗ ಅವನು ಅಳಲಿಲ್ಲ. ಅತ್ತರೆ ಸಮಾಧಾನ ಮಾಡಬೇಕೆಂದು ಅತ್ತಿಗೆ ಕರವಸ್ತ್ರ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಕಾದು ಕಾದು ಕೊನೆಗೆ ಅದರಲ್ಲಿ ತನ್ನ ಮೂಗನ್ನೇ ಒರೆಸಿಕೊಂಡು ಎದ್ದುಹೋದಳು. ನೆಂಟರು ಕಲ್ಲುಮನುಷ್ಯ ಎಂದರು. ಅದೂ ಅವನಿಗೆ ತಾಗಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ತುಂಬ ಹೊತ್ತು ಮಡಚಿ ಕೂತ ಕಾಲು ನೋಡಿ, ಇದೆ ಎಂದು ಗೊತ್ತಿರುತ್ತದೆ, ತನ್ನದು ಅನ್ನಿಸುವುದಿಲ್ಲ. ಹಾಗೆ.

ಹೇಗೆ ಹೋದಳು ಎಂಬುದನ್ನು ಹೇಳಿಬಿಡುತ್ತೇನೆ. ಅಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೇ, "ಏನಿಲ್ಲ, ನೀವು ಹೊರಡಿ" ಎಂದಿದ್ದಳು. ಮಧ್ಯಾಹ್ನ ಪಕ್ಕದ ಮನೆಯಾಕೆ ಲಾಯಕ್ಕೆ ಫೋನು ಮಾಡಿ, "ಊಟದ ತಟ್ಟೆ ದೂರ ತಳ್ಳಿ ಮಲಗಿದ್ದಾಳೆ, ಬೇಗ ಬಾ" ಎಂದಳು. ಅವನು "ಇನ್ನೊಂದು ಕಾಲು ಬಾಕಿ ಇದೆ, ಮುಗಿಸಿ ಬಂದೆ" ಎಂದ. ಕುದುರೆಯನ್ನು ಮೂರು ಕಾಲಿಗೆ ಲಾಳ ಹೊಡೆದು ಬಿಡಬಾರದು. ಎತ್ತರ ಹೆಚ್ಚುಕಡಿಮೆಯಾಗಿ ಕುಂಟುತ್ತದೆ. ಅವನ ಅಪ್ಪ ಹಾಗೆ ಬಿಟ್ಟವನಲ್ಲ, ಇವನೂ ಬಿಟ್ಟವನಲ್ಲ. ಒಂದು ಕಾಲೆಂದದ್ದು ಮೊಂಡು ಕುದುರೆಯ ದೆಸೆಯಿಂದ ಸಂಜೆಯಾಯಿತು. ಆಸ್ಪತ್ರೆಯಲ್ಲಿ, "ಸ್ವಲ್ಪ ಮುಂಚೆ ತಂದಿದ್ದರೆ" ಎಂದಷ್ಟೇ ಹೇಳಿ ಡಾಕ್ಟರು ಮಾತು ನಿಲ್ಲಿಸಿದ್ದರು.

ಅವಳು ಬಿಟ್ಟುಹೋದದ್ದು ಒಂದು ನಾಯಿ. ಚರಂಡಿಯಲ್ಲಿ ಕುಂಯ್‌ಗುಡುತ್ತಿದ್ದ, ಇನ್ನೂ ಕಣ್ಣು ಬಿಡದ ಮರಿಯನ್ನು ಎತ್ತಿ ತಂದು, ಹತ್ತಿಬತ್ತಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಹೆಸರು ಚೂರ. ಲಾಳ ಹೊಡೆಯುವ ಮುಂಚೆ ಬೆಳೆದ ಗೊರಸನ್ನು ಉಗುರು ಕತ್ತರಿಸಿದಂತೆ ಕೊಯ್ದು ತೆಗೆಯಬೇಕು. ಆ ಚೂರುಗಳೆಂದರೆ ನಾಯಿಗಳಿಗೆ ಪ್ರಾಣ. ಮೊಳೆಯಣ್ಣ ಕೊಯ್ದ ಮೊದಲ ಚೂರನ್ನು ತಲೆ ಎತ್ತದೆ ಎಡಕ್ಕೆ ಎಸೆಯುವುದು, ನಾಯಿ ಕುದುರೆಯ ಹೊಟ್ಟೆಯಡಿಯಿಂದ ನುಸುಳಿ ಅದನ್ನು ಹಿಡಿಯುವುದು, ಇದು ಇಬ್ಬರ ನಡುವೆ ನಡೆದುಬಂದಿದ್ದ ಕರಾರು. ಹೆಂಡತಿ ಹೋದ ಮೇಲೆ ಅವನ ದಿನದಲ್ಲಿ ಮಾತುಕತೆ ಎಂದೇನಾದರೂ ಇದ್ದರೆ ಅದು ಇದೊಂದೇ.

ಲಾಯ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವನು ಲಾಳ ಹೊಡೆಯುವಾಗ ಕುದುರೆಯ ಹಗ್ಗ ಹಿಡಿದು ನಿಲ್ಲುತ್ತಿದ್ದವಳೂ ಅವಳೇ. ಬಾಯಿ ಜೋರು, ಮನಸ್ಸು ಬೆಣ್ಣೆ.

"ಕುದುರೆ ಹಿಂದೆ, ಸಾಹೇಬರ ಮುಂದೆ ನಿಲ್ಲಬಾರ್ದು ಅಂತಾರೆ. ನಿನ್ನ ನಾಯಿಗೆ ಯಾರು ಹೇಳೋದು? ಕಟ್ಟಿಹಾಕಣ್ಣಾ."

ಅವನು ಮೊಳೆಗಳ ಸಂದಿಯಿಂದ "ಊಹೂಂ" ಎನ್ನುತ್ತಿದ್ದ.

"ಈ ಮುದಿ ಕುದುರೆಗಳಿಗೇನೋ ನಿನ್ನ ಚೂರ ಗೊತ್ತು. ಗೊತ್ತಿಲ್ಲದ್ದು ಒಂದು ಬಂದ್ರೆ? ಕುದುರೆಗೆ ಬಾಲದ ಹಿಂದೆ ಏನೂ ಕಾಣಲ್ಲ. ಕಾಲ ಹತ್ರ ಏನೋ ಸರಿದಾಡಿದ್ರೆ ತೋಳ ಅಂದ್ಕೊಳುತ್ತೆ, ನಮ್ಮ ಚೂರ ಅಂತ ಅಂದ್ಕೊಳಲ್ಲ."

ಅವಳು ಹೇಳಿದ್ದರಲ್ಲಿ ಕೂದಲಿನಷ್ಟೂ ತಪ್ಪಿರಲಿಲ್ಲ. ಕುದುರೆಯ ಕಾಲ ಬುಡದಲ್ಲಿ ನಾಯಿ ಮಲಗಿರುವುದು ನೋಡಲು ಚೆಂದ, ಜನ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಕುದುರೆಗೆ ಫೋಟೋದ ಹಂಗಿಲ್ಲ. ಮೊಳೆಯಣ್ಣನಿಗೂ ಇದು ಗೊತ್ತಿರಲಿಲ್ಲವೆಂದಲ್ಲ. ಯಾವುದಕ್ಕೂ ಹೆದರುವಷ್ಟು ಜೀವ ಅವನೊಳಗೆ ಉಳಿದಿರಲಿಲ್ಲ, ಅಷ್ಟೇ.

ಗೊತ್ತಿಲ್ಲದ್ದು ಒಂದು ಬಂದೇಬಿಟ್ಟಿತು. ಕಂದು ಬಣ್ಣದ ಎಳೆಯ ಕುದುರೆ, ಹಿಂದಿನ ದಿನವಷ್ಟೇ ಲಾರಿಯಿಂದ ಇಳಿದದ್ದು, ಕಿವಿ ಒಂದು ಕಡೆ ನಿಲ್ಲದು. ಮುಂದಿನ ಒಂದು ಕಾಲು ಸಲೀಸಾಗಿ ಮುಗಿಯಿತು. ಎರಡನೆಯ ಮುಂಗಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೊಯ್ಯತೊಡಗಿದಾಗ, ಅವನ ಕೈ ತನ್ನ ಪಾಡಿಗೆ ಒಂದು ಚೂರನ್ನು ಎಡಕ್ಕೆ ಎಸೆಯಿತು. ಅದು ಕುದುರೆಯ ಹಿಂಗಾಲ ಬಳಿ ಬಿತ್ತು. ನಾಯಿ ನುಸುಳಿತು. ಕುದುರೆ ಮುಂಗಾಲು ಕಿತ್ತುಕೊಂಡು ಹಿಂಗಾಲಲ್ಲಿ ಒದ್ದ ರಭಸಕ್ಕೆ ಅವನು ಕುಕ್ಕರಬಡಿದ. ನಾಯಿ ಹಾರಿ ಗೋಡೆಗೆ ಅಪ್ಪಳಿಸಿತು.

ಒಂದೇ ಸಲ ಕಿರುಚಿತು. ಆಮೇಲೆ ಎದ್ದು, ಮೈ ಕೊಡವಿ, ಅವನ ಬಳಿ ಬಂದು ಬಾಲ ಆಡಿಸಿತು.

"ಡಾಕ್ಟರ ಹತ್ರ ತಗೊಂಡು ಹೋಗು," ಎಂದಳು ಅಕ್ಕ, ಹಗ್ಗ ಜಗ್ಗಿ ಹಿಡಿದುಕೊಂಡೇ. "ಹಿಂದಿನ ಬೀದೀಲೇ ಇದೆ ಪ್ರಾಣಿ ಆಸ್ಪತ್ರೆ."

ಅವನು ನಾಯಿಯ ಬಾಲದತ್ತ ಬೆರಳು ತೋರಿಸಿದ. ಏನಾಗಿಲ್ಲ, ನೋಡು, ಎಂದು ಅರ್ಥ. ಕುದುರೆ ಶಾಂತವಾದ ಮೇಲೆ ಮತ್ತೆ ಬಗ್ಗಿದ. ಎರಡನೆಯ ಕಾಲು ಮುಗಿಸಿದ, ಮೂರನೆಯದಕ್ಕೂ ಮೊಳೆ ಬಡಿದು, ಹೊರಬಂದ ತುದಿಗಳನ್ನು ಮುರಿದು, ಅರ ಹಾಕಿ ನಯ ಮಾಡಿದ. ನಾಯಿ ಬೆಂಚಿನ ಕೆಳಗೆ ಮಲಗಿತ್ತು. ಅಕ್ಕ ಹಗ್ಗ ಹಿಡಿದುಕೊಂಡೇ ಆಗಾಗ ಬಗ್ಗಿ ಅದನ್ನು ನೋಡುತ್ತಿದ್ದಳು. ಅವನಿಗೆ ಭಯವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಸುತ್ತಿಗೆ ಏಳುತ್ತಿತ್ತು, ಬೀಳುತ್ತಿತ್ತು.

ನಾಲ್ಕನೆಯ ಗೊರಸು ಕೊಯ್ಯುವಾಗ ಒಂದು ಒಳ್ಳೆಯ ದಪ್ಪ ಚೂರು ಬಂತು. ಈ ಸಲ ಅವನು ನೋಡಿಯೇ ಎಸೆದ, ನೇರವಾಗಿ ಬೆಂಚಿನ ಕೆಳಗೆ. ನಾಯಿ ಅದನ್ನು ಮೂಸಿತು. ಅವನನ್ನು ನೋಡಿತು. ಆಮೇಲೆ ಮೂತಿಯಿಂದ ಆ ಚೂರನ್ನು ಮೆಲ್ಲಗೆ ದೂರ ತಳ್ಳಿ, ತಲೆ ಕೆಳಗಿಟ್ಟಿತು.

ತಟ್ಟೆ ದೂರ ತಳ್ಳಿ ಮಲಗಿದ್ದಾಳೆ.

ಅಂದು ಫೋನಿನಲ್ಲಿ ಅವನು ಕೇಳಿದ್ದ ಮಾತು. ಕೈಯಲ್ಲಿದ್ದ ಕಾಲನ್ನು ಕೆಳಗಿಟ್ಟ. ಲಾಳವಿಲ್ಲದ ಕಾಲು, ಮೂರು ಕಡೆ ಲಾಳವಿರುವ ಕುದುರೆ. ಜೀವಮಾನದಲ್ಲಿ ಮಾಡದ ಕೆಲಸ. ಸೊಂಟದ ಚರ್ಮದ ಹೊದಿಕೆಯನ್ನು ಬಿಚ್ಚಿ ನಾಯಿಯನ್ನು ಅದರಲ್ಲಿ ಎತ್ತಿಕೊಂಡು ಓಡಿದ. "ಕುದುರೇನ ನಾನ್ ನೋಡ್ಕೋತೀನಿ, ಓಡು!" ಎಂದು ಅಕ್ಕ ಕೂಗಿದ್ದು ಗೇಟಿನ ತನಕ ಕೇಳಿಸಿತು.

ಪ್ರಾಣಿ ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದ ನರ್ಸಮ್ಮ, "ಏನಾಯ್ತು?" ಎಂದಳು. ಅವನು ತುಟಿ ಅಲ್ಲಾಡಿಸಿದ, ಮಾತು ಬರಲಿಲ್ಲ. ಅವಳು ಅವನ ಬಾಯಿ ನೋಡಿ ಗಾಬರಿಯಾಗಿ ಅಂಗೈ ಚಾಚಿದಳು. "ಅಯ್ಯೋ, ಮೊದ್ಲು ಅದನ್ನ ಉಗೀರಿ!"

ಅವನು ಮೊಳೆಗಳನ್ನು ಅವಳ ಅಂಗೈಗೆ ಉಗಿದ.

"ಕುದುರೆ ಒದೀತು. ಬೆಳಿಗ್ಗೆ. ಎದ್ದು ಓಡಾಡ್ತು... ಏನಿಲ್ಲ ಅಂದ್ಕೊಂಡೆ."

ಡಾಕ್ಟರು ನಾಯಿಯ ಒಸಡು ನೋಡಿ, ಹೊಟ್ಟೆ ಒತ್ತಿ ನೋಡಿ, "ಒದೆ ತಿಂದ ನಾಯಿ ಹೀಗೇನೇ. ಹೊರಗೆ ಬಾಲ ಆಡಿಸ್ತಿರುತ್ತೆ, ಒಳಗೆ ರಕ್ತ ಹೋಗ್ತಿರುತ್ತೆ," ಎನ್ನುತ್ತ ಅದನ್ನು ಒಳಗೆ ಒಯ್ದರು.

ಅವನು ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಹಿಡಿದಿದ್ದ ಅಜ್ಜಿ, "ನಿಮ್ಮದೇನಪ್ಪಾ ನಾಯಿ?" ಎಂದು ಕೇಳಿದಳು. ಬಾಯಿ ಖಾಲಿಯಿತ್ತು, ತಪ್ಪಿಸಿಕೊಳ್ಳುವಂತಿರಲಿಲ್ಲ. "ನನ್ನ ಹೆಂಡತೀದು," ಎಂದ. ಅವಳು ಸತ್ತ ಮೇಲೆ ಆ ಪದವನ್ನು ಅವನು ಆಡಿದ್ದು ಅದೇ ಮೊದಲು. ಜೋಮು ಬಿಡುವಾಗ ಆಗುವಂಥ ನೋವು ಎಲ್ಲೋ ಒಂದು ಕಡೆ ಚುಚ್ಚತೊಡಗಿತು.

ಗೋಡೆಯ ಮೇಲಿನ ಬಿಸಿಲು ಕಿಟಕಿ ದಾಟಿದ ಮೇಲೆ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ನಗು ಇತ್ತು.

"ಬದುಕುತ್ತೆ. ಹೊಲಿಗೆ ಹಾಕಿದ್ದೀವಿ. ಸಂಜೆವರೆಗೂ ಬಿಟ್ಟಿದ್ರೆ ಕಷ್ಟ ಇತ್ತು. ಸರಿಯಾದ ಹೊತ್ತಿಗೆ ತಂದ್ರಿ. ಇನ್ಮೇಲಾದ್ರೂ ಕಟ್ಟಿಹಾಕಿ."

ಮೊಳೆಯಣ್ಣ ಅವರ ಮುಖವನ್ನೇ ನೋಡಿದ.

"ಇಷ್ಟೇನಾ?" ಎಂದ.

"ಏನು ಇಷ್ಟೇನಾ?"

"ಕಾಲು ಕೆಳಗಿಟ್ಟು ಬರೋದು. ಅಷ್ಟೇ ಇತ್ತಾ?"

ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅತ್ತಿಗೆ ಅಷ್ಟು ಕಾದರೂ ಬಾರದಿದ್ದ ಅಳುವನ್ನು ಅಳತೊಡಗಿದ್ದ. ತಾನು ಹೇಳಿದ್ದು ಕೇಳಿಸಲಿಲ್ಲವೇನೋ ಎಂದು ಡಾಕ್ಟರು ಬಗ್ಗಿ, ಗಟ್ಟಿಯಾಗಿ ಮತ್ತೊಮ್ಮೆ ಹೇಳಿದರು, "ಬದುಕುತ್ತೆ ಅಂದೆ ಕಣ್ರೀ, ಬದುಕುತ್ತೆ." ಆ ಮಾತು ಕೇಳಿದಷ್ಟೂ ಅವನ ಅಳು ಹೆಚ್ಚಾಯಿತು.