ಅಮ್ಮನಿಂದ ಅಂತ ಬರೆಯದ ಚೀಟಿಗಳು

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದು ನಲ್ಲಿ ನೀರು ಹಿಡಿದೆ. ಅಟ್ಟದ ಮೇಲಿನ ಕಾಗದದ ನಕ್ಷತ್ರ ಇಳಿಸಿ ಧೂಳು ಒರೆಸಿದೆ. ಯಜಮಾನರು ಅದನ್ನು ಬಾಗಿಲ ಮೇಲೆ ಕಟ್ಟಿ ಬಲ್ಬು ಹಾಕಿದರು. ಕಜ್ಜಾಯಕ್ಕೆ ನೆನೆಹಾಕಿದ್ದ ಅಕ್ಕಿ ಬಸಿದು ಪಂಚೆಯ ಮೇಲೆ ಹರವಿದೆ. ಎರಡು ಪರದೆ ಒಗೆದೆ, ಒಂದು ಉಳಿಯಿತು. ಹನ್ನೊಂದು ಗಂಟೆ ಹೊತ್ತಿಗೆ ನನ್ನ ತಂಗಿಯ ಮಗಳು ಕರುಣಾಳ ಎದುರು ಕೂತು, ಇಪ್ಪತ್ತೆರಡು ವರ್ಷದಿಂದ ಬಾಯಿ ಬಿಡದ ಮಾತನ್ನು ಹೇಳಿದೆ — ನಿನ್ನಮ್ಮ ನಿನಗೆ ಅಂತ ಕಳಿಸಿದ್ದ ಕ್ರಿಸ್‌ಮಸ್ ಉಡುಗೊರೆಗಳನ್ನು ನಾನು ಕದ್ದೆ.

ಕದ್ದೆ. ಈ ಮಾತು ಬರೆಯಲು ಇಷ್ಟು ವರ್ಷ ಬೇಕಾಯಿತು. ಇಲ್ಲಿಯ ತನಕ ನಾನು ಅದಕ್ಕೆ ಬೇರೆ ಹೆಸರು ಇಟ್ಟುಕೊಂಡಿದ್ದೆ. ಇಬ್ಬರು ಮಕ್ಕಳಿಗೂ ಸಮ ಮಾಡಿದೆ — ಅಂತ.

ನನ್ನ ತಂಗಿ ಎಸ್ತರ್‌ಳನ್ನು ಗಂಡ ಬಿಟ್ಟುಹೋದಾಗ ಕರುಣಾಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಎಸ್ತರ್ ಕುವೈತಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಹಿಡಿದು ಹೋದಳು. ಮಗುವನ್ನು ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಬಿಟ್ಟಳು. ನನ್ನ ಮಗಳು ಶೀಲಾ ಕರುಣಾಗಿಂತ ಏಳು ತಿಂಗಳು ದೊಡ್ಡವಳು. ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಸೋಪು, ಒಂದೇ ಬಾಚಣಿಗೆ. ಚರ್ಚಿನಲ್ಲಿ ಹೆಂಗಸರು ಎಸ್ತರ್ ವಿಷಯ ಆಡಿಕೊಳ್ಳುತ್ತಿದ್ದರು — ಹೆತ್ತ ಮಗೂನ ಬಿಟ್ಟು ಹೋದಳಲ್ಲ, ಅದೇನು ಕರುಳೋ. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಸುಮ್ಮನಿದ್ದದ್ದೂ ಒಂದು ಥರದ ಒಪ್ಪಿಗೆಯೇ, ಈಗ ಗೊತ್ತಾಗುತ್ತದೆ.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ. ಹಬ್ಬದ ಹಿಂದಿನ ಭಾನುವಾರ ಸಂಡೇ ಸ್ಕೂಲ್ ಮಕ್ಕಳ ಕಾರ್ಯಕ್ರಮ. ಅದರ ಹಿಂದಿನ ದಿನವೇ ಮಕ್ಕಳಿಗೆ ಗೊತ್ತಾಗದ ಹಾಗೆ ಮನೆಯವರು ಉಡುಗೊರೆಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ, ಮೇಲೆ ಚೀಟಿ ಅಂಟಿಸಿ, ಟೀಚರ ಕೈಗೆ ಕೊಡಬೇಕು. ಚೀಟಿಯಲ್ಲಿ ಮಗುವಿನ ಹೆಸರು, ಕೆಳಗೆ ಕೊಟ್ಟವರು ಯಾರು ಅಂತ. ಕೆಂಪು ನಿಲುವಂಗಿ ಹಾಕಿಕೊಂಡ ಕ್ರಿಸ್‌ಮಸ್ ತಾತ ಚೀಲದಿಂದ ಒಂದೊಂದೇ ತೆಗೆದು ಎರಡನ್ನೂ ಗಟ್ಟಿಯಾಗಿ ಓದುತ್ತಾನೆ. ಮಗು ಎದ್ದುಹೋಗಿ ತೆಗೆದುಕೊಳ್ಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎಷ್ಟು ಕೊಡಬೇಕು ಅಂತ ನಿಯಮ ಇಲ್ಲ. ಯಾವ ಮಗುವನ್ನು ಎಷ್ಟು ಸಲ ಕರೆದರು ಅನ್ನುವುದು ಮಾತ್ರ ಹಬ್ಬ ಕಳೆದರೂ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ.

ಕರುಣಾಗೆ ಐದು ತುಂಬಿದ ವರ್ಷ ಎಸ್ತರ್, ಕುವೈತಿನಿಂದ ರಜೆಗೆ ಬರುತ್ತಿದ್ದ ಚಿಂತಾಮಣಿಯ ಒಬ್ಬ ಡ್ರೈವರ ಕೈಯಲ್ಲಿ ಸಾಮಾನು ಕಳಿಸಿದಳು. ನಾನೇ ಬಸ್ಸಿನಲ್ಲಿ ಹೋಗಿ ತಂದೆ. ಡ್ರೈವರ ಹೆಂಡತಿ ಚಾ ಕೊಟ್ಟು, ಚೀಲ ನನ್ನ ಮುಂದೆ ಬಿಚ್ಚಿ ತೋರಿಸಿದರು.

“ಮೂರು ಐತೆ ಅಕ್ಕಾ, ಸರಿಯಾಗಿ ನೋಡ್ಕೊಳ್ಳಿ. ಆಮೇಲೆ ನಮ್ಮನೇವ್ರು ದಾರೀಲಿ ಒಂದು ನುಂಗಾಕಿದ್ರು ಅನ್ಬೇಡಿ! ನಿಮ್ ತಂಗಿ ಅವ್ರ ಕೈಲಿ ಆಣೆ ಹಾಕ್ಸವ್ರೆ, ಮೂರೂ ಮಗೂಗೇ ಸೇರ್ಬೇಕು ಅಂತ.”

“ನನಗೆ ಆಣೆ ಇಲ್ವೇನಮ್ಮ?” ಅಂತ ನಾನೂ ನಗಾಡಿದೆ.

“ನೀವು ಅಕ್ಕ ಅಲ್ವಾ? ನಿಮಗ್ಯಾಕೆ ಆಣೆ?”

ಮೂರು ಅಂದರೆ — ಕಣ್ಣು ಮುಚ್ಚಿ ತೆರೆಯುವ, ಉದ್ದ ಕೂದಲಿನ ಒಂದು ಬೊಂಬೆ. ಒಂದು ನೀಲಿ ಫ್ರಾಕು. ಒಂದು ಜೊತೆ ಕೆಂಪು ಶೂಸು. ಜೊತೆಗೆ ಒಂದು ಕಾಗದ: ಅಕ್ಕಾ, ಮೂರಕ್ಕೂ ಬೇರೆ ಬೇರೆ ಚೀಟಿ ಬರಿ. ಮೂರರಲ್ಲೂ ‘ಅಮ್ಮನಿಂದ’ ಅಂತ ಬರಿ. ಮೂರು ಸಲ ಕರೀಲಿ. ಎಲ್ಲರಿಗೂ ಕೇಳಲಿ.

ಶೀಲಾಗೆ ಅಂತ ನಾವು ತಂದಿದ್ದದ್ದು ಒಂದೇ, ಮುಚ್ಚಳದ ಮೇಲೆ ಹೂವಿನ ಚಿತ್ರ ಇದ್ದ ಸ್ಟೀಲಿನ ಊಟದ ಡಬ್ಬಿ. ಶನಿವಾರ ಮಧ್ಯಾಹ್ನ ಮಕ್ಕಳನ್ನು ಆಟಕ್ಕೆ ಕಳಿಸಿ, ನಾಲ್ಕನ್ನೂ ಮಂಚದ ಮೇಲೆ ಇಟ್ಟುಕೊಂಡು ಕೂತೆ. ಒಂದು ಮಗುವಿಗೆ ಮೂರು, ಇನ್ನೊಂದಕ್ಕೆ ಒಂದು.

ಯಜಮಾನರು ಹೇಳಿದರು: “ಅವರಮ್ಮ ಕಳಿಸಿದ್ದು ಅವಳಿಗೆ ಕೊಡೇ. ನಮ್ಮ ಮಗೂಗೆ ಒಂದು ಸಾಕು. ಆ ವಯಸ್ಸಿಗೆ ಎಣಿಕೆ ಎಲ್ಲಿ ಬರುತ್ತೆ?”

“ನೀವೊಬ್ರು. ಎಣಿಕೆ ಬರೋದೇ ಮಕ್ಕಳಿಗೆ,” ಅಂದೆ. “ಇಬ್ಬರಿಗೂ ಎರಡೆರಡು ಮಾಡ್ತೀನಿ. ಯಾರಿಗೂ ನೋವಾಗಲ್ಲ.”

ಅವರು ತಲೆ ಆಡಿಸಿ ಹೊರಗೆ ಹೋದರು. ಎರಡೆರಡು — ಎಷ್ಟು ಚೆನ್ನಾಗಿತ್ತು ಆ ಮಾತು. ಬೊಂಬೆಯನ್ನು ಸುತ್ತಿದೆ, ಚೀಟಿ ಬರೆದೆ: ‘ಶೀಲಾ. ಅಪ್ಪ ಅಮ್ಮನಿಂದ.’ ಡಬ್ಬಿಗೂ ಹಾಗೇ ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ಆಸೆಬುರುಕಿ ಆಗುತ್ತಿದ್ದೆ. ಫ್ರಾಕಿನ ಚೀಟಿಯ ಮೇಲೆ ‘ಕರುಣಾ’ ಅಂತ ಬರೆದು ಪೆನ್ನು ಹಿಡಿದುಕೊಂಡೇ ಇದ್ದೆ. ಕೆಳಗಿನ ಸಾಲಿಗೆ ಕೈ ಬರಲಿಲ್ಲ. ಜ್ವರ ಬಂದಾಗ ಎದ್ದವಳು ನಾನು. ಹೇನು ತೆಗೆದವಳು ನಾನು. ಹಾಸಿಗೆ ಒದ್ದೆ ಮಾಡಿದರೆ ಒಗೆದವಳು ನಾನು. ಈಗ ಇಡೀ ಚರ್ಚಿನ ಎದುರು ತಾತ ಅಮ್ಮನಿಂದ, ಅಮ್ಮನಿಂದ ಅಂತ ಕೂಗುವುದು, ಜನ ಚಪ್ಪಾಳೆ ತಟ್ಟುವುದು — ನನಗೆ ಸಹಿಸಲು ಆಗಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಆಗ ನನ್ನೊಳಗೆ ಇದ್ದದ್ದು ಇದೇ, ಅದಕ್ಕೆ ಬರೆಯುತ್ತಿದ್ದೇನೆ.

‘ದೊಡ್ಡಮ್ಮ ದೊಡ್ಡಪ್ಪನಿಂದ’ ಅಂತ ಬರೆದೆ. ಫ್ರಾಕಿಗೂ. ಶೂಸಿಗೂ.

ಭಾನುವಾರ ಸಂಜೆ ಕರುಣಾಳನ್ನು ಮೊದಲು ಕರೆದರು, ಫ್ರಾಕು. ಓಡಿಹೋಗಿ ತಂದಳು. ಎರಡನೇ ಸಲ ಕರೆದಾಗ ಶೂಸು. ತಂದವಳು ಕಾಗದ ಬಿಚ್ಚಲಿಲ್ಲ. ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ತಾತನ ಬಾಯಿಯನ್ನೇ ನೋಡುತ್ತಾ ಕೂತಳು. ನನಗೆ ಗೊತ್ತಿತ್ತು ಯಾಕೆ ಅಂತ. ಪಕ್ಕದ ಮನೆಯ ಫೋನಿಗೆ ಎಸ್ತರ್ ಶುಕ್ರವಾರ ಮಾತಾಡುವಾಗ ಹೇಳಿದ್ದಳು — ತಾತ ‘ಅಮ್ಮನಿಂದ’ ಅಂತ ಹೇಳ್ತಾರೆ, ಚೆನ್ನಾಗಿ ಕೇಳಿಸ್ಕೋ ಬಂಗಾರಿ. ಮಗು ಕೇಳಿಸಿಕೊಳ್ಳುತ್ತಲೇ ಇತ್ತು. ಕೊನೆಗೆ ತಾತ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಖಾಲಿ. ಎಲ್ಲರೂ ನಕ್ಕರು, ಕೇಕು ಹಂಚಲು ಎದ್ದರು.

ಕರುಣಾ ನನ್ನ ಸೀರೆಯ ಸೆರಗು ಹಿಡಿದು ಎಳೆದಳು. “ದೊಡ್ಡಮ್ಮಾ, ಅಮ್ಮಂದು ಇನ್ನೂ ಬರ್ಲಿಲ್ಲ.”

ಆ ಕ್ಷಣದಲ್ಲಿ ಕೂಡ — ಒಂದು ಮಾತು ಸಾಕಿತ್ತು. ಇದೇ ಕಣಮ್ಮ, ಈ ಶೂಸೇ ಅಮ್ಮಂದು, ಅಂತ.

“ಕಳಿಸಿಲ್ಲ ಕಣಮ್ಮ,” ಅಂದೆ. “ಕೆಲಸದಲ್ಲಿ ಮರ್ತಿರ್ಬೇಕು.”

ಅವಳು ಅಳಲಿಲ್ಲ. ಕೇಕು ತಿಂದಳು. ಹೊರಗೆ ಬರುವಾಗ ಒಬ್ಬ ಹೆಂಗಸು ನನ್ನ ಭುಜ ತಟ್ಟಿ, “ನಿಮ್ಮಂಥವರು ಸಿಗಲ್ಲ ಕಣ್ರೀ, ತನ್ನ ಮಗೂಗೆ ಎರಡು, ತಂಗಿ ಮಗೂಗೂ ಎರಡು,” ಅಂದರು. ನಾನು ನಾಚಿಕೊಂಡವಳ ಹಾಗೆ ತಲೆ ಬಗ್ಗಿಸಿದೆ. ಮನೆಗೆ ಬಂದು ಶೂಸು ಹಾಕಿಕೊಂಡ ಮಗು ನನ್ನ ಕೆನ್ನೆಗೆ ಮುತ್ತು ಕೊಟ್ಟಿತು. ಅದನ್ನೂ ತೆಗೆದುಕೊಂಡೆ.

ಮುಂದಿನ ಶುಕ್ರವಾರ ಫೋನು ಬಂದಾಗ ಕರುಣಾ ಮಂಚದ ಕೆಳಗೆ ಹೋಗಿ ಕೂತಳು. ಎಷ್ಟು ಕರೆದರೂ ಬರಲಿಲ್ಲ. ನಾನೊಬ್ಬಳೇ ಹೋಗಿ, ಆಟಕ್ಕೆ ಹೋಗಿದ್ದಾಳೆ ಅಂದೆ.

“ಮೂರು ಸಲವೂ ಕರೆದ್ರಾ ಅಕ್ಕಾ?”

“ಕರೆದ್ರು.”

“ಎಲ್ಲರಿಗೂ ಕೇಳಿಸ್ತಾ?”

“ಎಲ್ಲರಿಗೂ ಕೇಳಿಸ್ತು ಕಣೇ.”

ಆ ಕಡೆ ಎಸ್ತರ್ ಅತ್ತಳು. ಸಂತೋಷಕ್ಕೆ.

ಮಾರನೇ ವರ್ಷ ಮೊದಲೇ ಕೇಳಿದಳು, “ಈ ಸಲ ಎಷ್ಟು ಕಳಿಸ್ಲಿ ಅಕ್ಕಾ?” ನಾನು ಬಹಳ ತಿಳಿದವಳ ಹಾಗೆ, “ಏನೂ ಬೇಡ. ಅಭ್ಯಾಸ ಆಗ್ಬಿಡುತ್ತೆ, ಮಗು ಹಾಳಾಗುತ್ತೆ. ನಾವೇ ಇಬ್ಬರಿಗೂ ಒಂದೊಂದು ಕೊಡಿಸ್ತೀವಿ,” ಅಂದೆ. ಅವಳು ನನ್ನ ಮಾತಿಗೆ ಎದುರಾಡಿದವಳಲ್ಲ. ಆಮೇಲೆ ಕಳಿಸಲಿಲ್ಲ. ಮೊದಲನೇ ವರ್ಷ ನಾನು ಹೇಳಿದ ಸುಳ್ಳು ಎರಡನೇ ವರ್ಷದಿಂದ ನಿಜವಾಯಿತು.

ಆ ಬೊಂಬೆಯ ಹಬ್ಬ ಆಗಿ ಆರು ವರ್ಷಕ್ಕೆ ಎಸ್ತರ್ ವಾಪಸು ಬಂದಳು. ಹನ್ನೊಂದು ವರ್ಷದ ಮಗಳು ಬಾಗಿಲಲ್ಲಿ ನಿಂತು, “ಚೆನ್ನಾಗಿದೀರಾ?” ಅಂತ ಕೇಳಿದಳು, ಬಂದ ನೆಂಟರನ್ನು ಕೇಳುವ ಹಾಗೆ. ಗೌರಿಬಿದನೂರಿನಲ್ಲಿ ಮನೆ ಮಾಡಿ, ಹೊಲಿಗೆ ಮೆಷಿನ್ ಇಟ್ಟುಕೊಂಡು ಮಗಳನ್ನು ಕರೆದಳು. ಮಗಳು ಹೋಗಲಿಲ್ಲ. “ನಾನು ದೊಡ್ಡಮ್ಮನ ಹತ್ರಾನೇ ಇರ್ತೀನಿ.” ಆ ಮಾತು ಕೇಳಿ ನನ್ನ ಎದೆ ತಣ್ಣಗಾಯಿತು. ಹೌದು, ತಣ್ಣಗಾಯಿತು. ಎಸ್ತರ್ ಒಮ್ಮೆ, ಮಗಳು ಸ್ಕೂಲಿಗೆ ಹೋಗಿದ್ದಾಗ, ಆ ಬೊಂಬೆ ಇದೆಯಾ ಅಂತ ಕೇಳಿದಳು. ಆಡಿ ಆಡಿ ಮುರಿದುಹಾಕಿದಳು ಅಂದೆ. “ಆಡಿದ್ಲಲ್ಲ, ಸಾಕು ಬಿಡು,” ಅಂತ ನಕ್ಕಳು. ಆ ನಗು —

ಕರುಣಾ ಈಗ ಶಿಡ್ಲಘಟ್ಟದಲ್ಲಿ ಟೀಚರು. ಮದುವೆಯಾಗಿದೆ. ನಾಲ್ಕು ವರ್ಷದ ಮಗಳಿದ್ದಾಳೆ, ಪಿಂಕಿ. ಹಬ್ಬದ ತಿಂಡಿ ಮಾಡಲು ಕೈ ಜೋಡಿಸುತ್ತೇನೆಂದು ಇವತ್ತು ಮಗುವನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಂದಳು. ಇಬ್ಬರೂ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದೆವು. ಸಿಪ್ಪೆಯಿಂದ ಬೇಳೆ ಚಿಮ್ಮಿದಾಗಲೆಲ್ಲ ಪಿಂಕಿ ಕೇಕೆ ಹಾಕಿ ಹಿಡಿಯಲು ಓಡುತ್ತಿತ್ತು. ಆಗ ಎಸ್ತರ್ ಫೋನು. ಕರುಣಾ ತನ್ನ ಮೊಬೈಲನ್ನು ನೋಡಿ ಹಾಗೇ ಬಿಟ್ಟಳು. ಅದು ನಿಂತ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಪಿಂಕಿಗೆ ಮೂರು ಉಡುಗೊರೆ ತರಬೇಕು ಅಂತ ಆಸೆ, ಅವಳು ಬೈತಾಳೋ ಏನೋ, ಕೇಳಿ ಹೇಳು ಅಕ್ಕಾ — ಅಂದಳು.

ಫೋನು ಇಟ್ಟು ಕರುಣಾಗೆ ಹೇಳಿದೆ.

“ಒಂದೂ ಬೇಡ ಅಂತ ಹೇಳಿ ದೊಡ್ಡಮ್ಮ,” ಅಂದಳು, ಕಾಳಿನಿಂದ ಕಣ್ಣೆತ್ತದೆ. “ಮಗಳಿಗೆ ಒಂದು ಕಳಿಸೋಕೆ ನೆನಪಿರ್ಲಿಲ್ಲ, ಮೊಮ್ಮಗಳಿಗೆ ಮೂರು ಬೇರೆ. ಈಗ ಬಂದು ತೋರಿಸ್ಕೊಳ್ಳೋದು.” ಇನ್ನೊಂದು ಹಿಡಿ ಕಾಳು ಎಳೆದುಕೊಂಡು ಕೇಳಿದಳು: “ನೀವೇ ಹೇಳಿ, ಇಷ್ಟು ಚಿಕ್ಕ ಮಗೂಗೆ ಎಷ್ಟು ಕೊಡಿಸಿದ್ರೆ ಸರಿ? ನೀವಾದ್ರೆ ನಮ್ಮಿಬ್ಬರಿಗೂ ಯಾವತ್ತೂ ಹೆಚ್ಚುಕಮ್ಮಿ ಮಾಡ್ಲಿಲ್ಲ.”

ಆಗ ಹೇಳಿದೆ. ಚಿಂತಾಮಣಿಯಿಂದ ತಂದದ್ದು, ಎಸ್ತರ್ ಬರೆದ ಕಾಗದ, ಚೀಟಿಗಳು, ಮರ್ತಿರ್ಬೇಕು ಅಂದದ್ದು, ಫೋನಿನಲ್ಲಿ ಆಡಿದ್ದು — ಒಂದೂ ಬಿಡಲಿಲ್ಲ. ನನ್ನ ದನಿ ನನಗೇ ಅಂಗಡಿ ಸಾಮಾನಿನ ಪಟ್ಟಿ ಓದಿದ ಹಾಗೆ ಕೇಳಿಸುತ್ತಿತ್ತು. ಕರುಣಾಳ ಕೈ ನಿಲ್ಲಲಿಲ್ಲ. ಕಾಳು ಹಿತುಕುತ್ತಲೇ ಇದ್ದಳು. ಮುಗಿದ ಮೇಲೆ ಕೇಳಿದಳು:

“ಶೀಲಾ ಬೊಂಬೆ? ಅದು ಅಮ್ಮಂದಾ?”

“ಹೂಂ.”

“ಅದರ ತಲೆ ಬಾಚ್ತಿದ್ದೆ ನಾನು. ಶೀಲಾ ಮಲಗಿದಾಗ, ಕದ್ದು. ನೀವು ಒಂದು ದಿನ ನೋಡಿ ಬೈದ್ರಿ — ಬೇರೆಯವರ ಸಾಮಾನು ಮುಟ್ಟಬಾರ್ದು ಅಂತ. ಜ್ಞಾಪಕ ಇದೆಯಾ?”

ನನಗೆ ಜ್ಞಾಪಕ ಇರಲಿಲ್ಲ. ದೇವರಾಣೆಗೂ ಇರಲಿಲ್ಲ. ಇಷ್ಟು ವರ್ಷ ನಾನು ಜೋಪಾನವಾಗಿ ಬಚ್ಚಿಟ್ಟಿದ್ದ ತಪ್ಪಿಗಿಂತ, ಬಚ್ಚಿಡಬೇಕು ಅಂತಲೂ ಅನಿಸದೆ ಮರೆತ ತಪ್ಪು ದೊಡ್ಡದಾಗಿತ್ತು. ಇನ್ನೂ ಎಷ್ಟಿವೆಯೋ, ಆ ಹುಡುಗಿಗೆ ಮಾತ್ರ ಗೊತ್ತು.

“ಕ್ಷಮಿಸಮ್ಮ,” ಅಂದೆ.

“ನನ್ನ ಕೇಳ್ಬೇಡಿ,” ಅಂದಳು. ಗಟ್ಟಿಯಾಗಿ ಅಲ್ಲ. “ಆರು ವರ್ಷ ನಾನು ಫೋನಿಗೆ ಬರ್ಲಿಲ್ಲ. ಅಮ್ಮ ಅಲ್ಲಿ ಏನಂದ್ಕೊಂಡ್ರೋ. ಬಂದ್ಮೇಲೂ ನಾನು — ನೀವೇ ಹೋಗಿ ಹೇಳಿ ಅವ್ರಿಗೆ. ಫೋನಲ್ಲಿ ಬೇಡ.”

ನಾಳೆ ಎಂಟು ಗಂಟೆಯ ಬಸ್ಸಿಗೆ ಗೌರಿಬಿದನೂರಿಗೆ ಹೋಗುತ್ತೇನೆ. ಯಜಮಾನರು ಜೊತೆಗೆ ಬರುತ್ತೇನೆ ಅಂದರು, ಬೇಡ ಅಂದೆ. ಎಸ್ತರ್ ಬಾಗಿಲು ತೆರೆದು, ಏನಕ್ಕಾ ಹೇಳದೆ ಕೇಳದೆ ಬಂದೆ ಅಂತ ನಗುತ್ತಾಳೆ. ಅದಾದ ಮೇಲೆ ನಗುತ್ತಾಳೋ ಇಲ್ಲವೋ. ಕ್ಷಮಿಸು ಅಂತ ಅವಳನ್ನು ಕೇಳುವುದಿಲ್ಲ. ನಡೆದದ್ದು ಹೇಳುತ್ತೇನೆ, ಅಷ್ಟೇ. ಪಿಂಕಿಗೆ ಎಷ್ಟು ಉಡುಗೊರೆ ಅನ್ನುವುದನ್ನು ಆ ತಾಯಿ ಮಗಳು ಮಾತಾಡಿಕೊಳ್ಳಲಿ. ಅದರಲ್ಲಿ ಇನ್ನು ನನ್ನ ಮಾತು ಇರಬಾರದು.

ಮಧ್ಯಾಹ್ನ ಹಿತಕಿದಬೇಳೆ ಸಾರು, ಮುದ್ದೆ ಮಾಡಿದೆ. ಯಜಮಾನರು ಎರಡು ಮುದ್ದೆ ಉಂಡರು. ಕರುಣಾ ಮಗುವಿಗೆ ಸಾರನ್ನ ಕಲೆಸಿ ತಿನ್ನಿಸಿದಳು. ತಾನು ಒಂದು ಲೋಟ ಮಜ್ಜಿಗೆ ಕುಡಿದಳು, ತಟ್ಟೆಯ ಮುಂದೆ ಕೂರಲಿಲ್ಲ. ನಾನು ಅರ್ಧ ಮುದ್ದೆ ನುಂಗಿದೆ. ಪಿಂಕಿ ಮೊದಲು ಮಲಗಿತು. ಅದರ ಪಕ್ಕದಲ್ಲಿ ಕರುಣಾ ಗೋಡೆ ಕಡೆಗೆ ತಿರುಗಿಕೊಂಡು ಮಲಗಿದಳು, ನಿದ್ದೆ ಬಂತೋ ಇಲ್ಲವೋ ಕೇಳುವ ಹಕ್ಕು ನನಗಿರಲಿಲ್ಲ.