ಗಾಳಿ ಸರಿಯಿದೆ ಎಂದವನು

ಸಿಲಿಂಡರಿನ ಗಾಳಿ ಸರಿಯಿದೆ ಎಂದು ಹೇಳಿದವನು ನಾನೇ. ಆ ಮಾತಿನ ಮೇಲೆ ನನ್ನ ಮಗಳು ಆ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಮುದ್ರಕ್ಕಿಳಿದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ಪ್ರವಾಸದ ಬಗ್ಗೆ ಯಾರು ಕೇಳಿದರೂ ನಾನು ಲಾಡ್ಜಿನ ಕಥೆಯಿಂದ ಶುರುಮಾಡಿ, ಅದರ ಮಾಲೀಕನನ್ನು ಬೈಯುವುದರಲ್ಲೇ ಹೊತ್ತು ಕಳೆದು, ಈ ವಿಷಯಕ್ಕೆ ಬಾರದೆ ತಪ್ಪಿಸಿಕೊಳ್ಳುತ್ತೇನೆ.

ನಾವು ದೆಹಲಿಯಲ್ಲಿ ಹೋಟೆಲಿನವರು. ಕರಾವಳಿಯಿಂದ ಬಂದ ಅಪ್ಪ ಹಾಕಿದ ಹೋಟೆಲು, ಚಾಣಕ್ಯಪುರಿಯಿಂದ ಹೆಚ್ಚು ದೂರವಿಲ್ಲ. ಊರ ಕಡೆಯಿಂದ ಬಂದ ಅಧಿಕಾರಿಗಳು ಕಾರು ಕಳಿಸಿ ಮಸಾಲೆದೋಸೆ ಕಟ್ಟಿಸಿಕೊಂಡು ಹೋಗುತ್ತಾರೆ. ಅದು ಅವರ ತಟ್ಟೆ ಸೇರುವ ಹೊತ್ತಿಗೆ ಮೆತ್ತಗಾಗಿರುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ. ನನ್ನ ಜವಾಬ್ದಾರಿ ಬೆಳಿಗ್ಗೆ ಸಾಂಬಾರಿನ ಹಂಡೆ ಒಲೆಯಿಂದ ಇಳಿದಾಗ ಪಕ್ಕದಲ್ಲಿ ಹೋಗಿ ನಿಲ್ಲುವುದು. ದೇವರಿಗೆ ಇಡುವ ಮೊದಲು ರುಚಿ ನೋಡುವ ಹಾಗಿಲ್ಲ, ಎಂಜಲಾಗುತ್ತದೆ. ಬಗ್ಗಿ ಮೂಸುವ ಹಾಗೂ ಇಲ್ಲ. ಆದರೆ ಹಬೆ ತಾನಾಗಿ ಮೂಗಿಗೆ ಬಂದರೆ ದೋಷವಿಲ್ಲ ಎಂಬುದು ಅಪ್ಪ ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕಾನೂನು. ಅವರು ಬಾಗಿಲಲ್ಲೇ ನಿಂತು, ಮೆಂತ್ಯ ಸೀದಿದೆ, ಇಂಗು ಸಾಲದು ಎಂದು ಹೇಳುತ್ತಿದ್ದರು. ಅವರ ನಂತರ ಆ ಕೆಲಸ ನನ್ನ ಪಾಲಿಗೆ ಬಂತು.

ಮೂಗಿನ ಜೊತೆಗೆ ಅಪ್ಪನ ಗಂಟಲೂ ಬಂದಿದೆ. ನಾನು ಅಡುಗೆಮನೆಯಲ್ಲಿ ಬಾಯಿ ತೆರೆದರೆ ಹೊರಗೆ ಕುಳಿತ ಗಿರಾಕಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾನೆ ಎಂದು ಹೆಂಡತಿ ಗೇಲಿ ಮಾಡುತ್ತಾಳೆ. ಏನು ಮಾಡುವುದು, ಎರಡು ವರ್ಷದಿಂದ ಸರಕೇ ಕೆಟ್ಟುಹೋಗಿತ್ತು. ಇಂಗಿನಲ್ಲಿ ದಮ್ಮಿಲ್ಲ, ಕರಿಬೇವು ಬರೀ ಎಲೆ. ಇಂಗಿನ ಅಂಗಡಿಯನ್ನು ಮೂರು ಸಲ ಬದಲಾಯಿಸಿದೆ, ಕಾಫಿಪುಡಿಯವನ ಜೊತೆ ಜಗಳವಾಡಿ ಮಾತು ಬಿಟ್ಟೆ. ಅಡುಗೆಯವರು ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದರು.

ಸಮುದ್ರದೊಳಗೆ ಇಳಿಯುವ ಹುಚ್ಚು ಮಗಳದು. ಅವಳು ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಎಂಜಿನಿಯರಿಂಗ್ ಕೊನೆಯ ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ದೀಪಾವಳಿ ಮುಗಿದು ಎದುರಿನ ಕಟ್ಟಡ ಕಾಣದಷ್ಟು ಹೊಗೆ ಮುಸುಕಿದ ಒಂದು ದಿನ ಫೋನು ಹಿಡಿದುಕೊಂಡು ಗಲ್ಲಾದ ಹತ್ತಿರ ಬಂದಳು. "ಪಪ್ಪಾ, ಈ ಹವಾದಲ್ಲಿ ಯಾರು ಸಾನ್ಸ್ ತಗೋತಾರೆ? ಉಸಿರು ಕಟ್ತಿದೆ. ಚಲೋ ನಾ, ಒಂದು ವೀಕ್," ಎಂದಳು. ಅಗ್ಗದ ಪ್ಯಾಕೇಜು. ಇಲ್ಲೇ ಈಜುಕೊಳದಲ್ಲಿ ಎರಡು ಪಾಠ, ಆಮೇಲೆ ಅಂಡಮಾನಿನ ಒಂದು ದ್ವೀಪದಲ್ಲಿ ವಾಸ, ಊಟ, ಡೈವಿಂಗ್. ಫೋಟೊದಲ್ಲಿ ಬಿಳಿ ಮರಳು, ಹುಲ್ಲಿನ ಗುಡಿಸಲು, ಎರಡು ತೆಂಗಿನ ಮರಗಳ ನಡುವೆ ಜೋಲಿ. ಮೂವತ್ತು ವರ್ಷ ಒಲೆಯ ಮುಂದೆ ನಿಂತವನಿಗೆ ಅದನ್ನು ನೋಡಿ ಆಸೆಯಾಯಿತು. ಹೆಂಡತಿ ನೀರಿಗಿಳಿಯುವುದಿಲ್ಲ, ದಡದಲ್ಲಿ ಕೂರುತ್ತೇನೆ ಎಂದಳು.

ಈಜುಕೊಳದ ಪಾಠ ದಕ್ಷಿಣ ದೆಹಲಿಯಲ್ಲಿ. ಕಲಿಸಿದವರು ನೌಕಾಪಡೆಯಿಂದ ನಿವೃತ್ತರಾದ ಹಿರಿಯರು, ಬಹಳ ಶಿಸ್ತು. ಉಸಿರಾಟದ ಕೊಳವೆಯನ್ನು ಬಾಯಿಗಿಡುವ ಮೊದಲು ಅದರ ಗುಂಡಿ ಒತ್ತಿ ಸ್ವಲ್ಪ ಗಾಳಿ ಬಿಟ್ಟು ಮೂಸಿ ನೋಡಬೇಕು, ಪ್ರತಿ ಸಲ, ಪ್ರತಿಯೊಬ್ಬರೂ. ವಾಸನೆ ಇದ್ದರೆ ಡೈವ್ ಇಲ್ಲ, ಅಷ್ಟೇ. ಇದನ್ನು ಅವರು ಮೂರು ಸಲ ಹೇಳಿದರು. ನಾನು ಎದೆ ಉಬ್ಬಿಸಿ, ನಮ್ಮ ಮನೆಯಲ್ಲಿ ಆ ಕೆಲಸ ನನ್ನದು, ಸಾಂಬಾರಿನ ಹಬೆಯಲ್ಲೇ ಕೊತ್ತಂಬರಿ ಎಷ್ಟು ಎಂದು ಹೇಳುವ ಮೂಗು ಇದು ಎಂದೆ. ಅವರು ನಕ್ಕರು. ಮಗಳು ಈಜುಕನ್ನಡಕದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

ದ್ವೀಪದಲ್ಲಿ ಗುಡಿಸಲು ಇರಲಿಲ್ಲ. ಡೈವಿಂಗ್ ಅಂಗಡಿಯ ಹಿಂಬದಿಗೆ ತಗಡು ಹೊದಿಸಿದ ಒಂದು ಕೋಣೆ, ಅದರ ಕಿಟಕಿಗೆ ಮುಖ ಕೊಟ್ಟು ಒಂದು ಜನರೇಟರು. ಹಾಸಿಗೆಯ ಮೇಲೆ ಹಿಂದಿನವರು ಬಿಟ್ಟುಹೋದ ಮರಳು ಹಾಗೆಯೇ ಇತ್ತು. ನಲ್ಲಿಯ ನೀರು ಉಪ್ಪು. ಸೊಳ್ಳೆಪರದೆಯ ತೂತುಗಳಿಗೆ ಹೆಂಡತಿ ತನ್ನ ಪಿನ್ನುಗಳನ್ನೆಲ್ಲ ಚುಚ್ಚಿದಳು. ಬೆಳಿಗ್ಗೆ ನಾವು ದಕ್ಷಿಣದವರೆಂದು ವಿಶೇಷ ಮರ್ಯಾದೆಯಿಂದ ಇಡ್ಲಿ ತಂದಿಟ್ಟರು. ಅದು ಹಿಂದಿನ ದಿನದ್ದು, ಅಥವಾ ಅದಕ್ಕೂ ಹಿಂದಿನದು. ಇಡ್ಲಿಗೆ ಇಂಥ ಗತಿ ತಂದವನನ್ನು ನಾನು ಬದುಕಿನಲ್ಲೇ ಕಂಡಿರಲಿಲ್ಲ. ಮಾಲೀಕನನ್ನು ಕರೆಸಿ ಅರ್ಧ ಗಂಟೆ ಕೂಗಾಡಿದೆ. ಅವನು ಎಲ್ಲದಕ್ಕೂ "ಹೋ ಜಾಯೇಗಾ ಸರ್", ಆಗುತ್ತದೆ ಎಂದ. ಮೊದಲ ದಿನ ದೋಣಿ ಕೆಟ್ಟಿತ್ತು, ಎರಡನೆಯ ದಿನ ಅದನ್ನು ರಿಪೇರಿ ಮಾಡುವವನು ಬರಲಿಲ್ಲ. ಕೊನೆಗೆ ದೋಣಿಯೇ ಬೇಡ, ದಡದಿಂದಲೇ ನಡೆದು ಇಳಿಯೋಣ ಎಂದಾಯಿತು.

"ಈ ಡೀಸೆಲ್ ವಾಸನೆಗೆ ನನ್ನ ತಲೆ ಸಿಡೀತಿದೆ," ಎಂದಳು ಹೆಂಡತಿ, ಎರಡನೆಯ ದಿನ.

"ನನಗೇನೂ ಇಲ್ಲ. ದೆಹಲಿಯಲ್ಲಿ ಇದ್ದು ಇಷ್ಟಕ್ಕೆಲ್ಲ ಮೂಗು ಮುಚ್ಕೊಂಡ್ರೆ ಹೇಗೆ?" ಎಂದೆ.

ಅವಳು ನನ್ನನ್ನೊಮ್ಮೆ ನೋಡಿ ಕಿಟಕಿ ಮುಚ್ಚಿದಳು. ಮೂರನೆಯ ದಿನ ಬೆಳಿಗ್ಗೆ ಅವಳು ಹಾಸಿಗೆಯ ಬಟ್ಟೆಗಳನ್ನು ಒಗೆಯಲು ಕುಳಿತಳು. ನಾನು, ಮಗಳು ಮತ್ತು ಅಂಗಡಿಯ ಗೈಡು ನೀರಿನ ಅಂಚಿಗೆ ಹೋದೆವು. ಗೈಡಿಗೆ ಎಲ್ಲ ಫಟಾಫಟ್ ಆಗಬೇಕಿತ್ತು. ಮೊದಲು ಮಗಳ ಸರದಿ, ಆಮೇಲೆ ನನ್ನದು. ಅವನು ಮಗಳ ಬೆನ್ನಿಗೆ ಸಿಲಿಂಡರ್ ಬಿಗಿದು ನಡಿ ಎಂದಾಗ ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ನಿಯಮ ನಿಯಮವೇ. ಕೊಳವೆ ತೆಗೆದುಕೊಂಡು ಗುಂಡಿ ಒತ್ತಿದೆ. ಗಾಳಿ ಬುಸುಗುಟ್ಟಿತು. ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡೆ. ಏನೂ ಇಲ್ಲ, ಶುದ್ಧ. ಅಷ್ಟು ಕೊಳಕು ಲಾಡ್ಜಿನಲ್ಲಿ ಇದೊಂದಾದರೂ ನೆಟ್ಟಗಿದೆಯಲ್ಲ ಎಂದು ನನಗೆ ಸಮಾಧಾನವೇ ಆಯಿತು.

"ಗಾಳಿ ಸರಿಯಿದೆ," ಎಂದು ಕೊಳವೆಯನ್ನು ಮಗಳ ಕೈಗೆ ಕೊಟ್ಟೆ.

ಅವಳು ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ಬಾಯಿಗಿಟ್ಟುಕೊಂಡು ಗೈಡಿನ ಹಿಂದೆ ಇಳಿದಳು.

ಮೇಲೆ ಬರುವ ಗುಳ್ಳೆಗಳನ್ನು ನೋಡುತ್ತ ಕುಳಿತೆ. ಎಷ್ಟು ಹೊತ್ತಾಯಿತೋ ಗಮನಿಸಲಿಲ್ಲ, ಮಾಲೀಕನಿಗೆ ಇನ್ನೇನು ಹೇಳುವುದಿದೆ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಗೈಡು ಅವಳನ್ನು ಕಂಕುಳಲ್ಲಿ ಹಿಡಿದು ಎಳೆದುಕೊಂಡು ಬರುವುದು ಕಂಡಿತು. ಸೊಂಟದಷ್ಟು ನೀರಿನಲ್ಲಿ ಅವಳಿಗೆ ನಿಲ್ಲಲು ಆಗಲಿಲ್ಲ. ದಡಕ್ಕೆ ತಂದು ಮಲಗಿಸಿದಾಗ ವಾಂತಿ ಮಾಡಿಕೊಂಡಳು. ಹೆಸರು ಹಿಡಿದು ಕರೆದರೆ ಕಣ್ಣು ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ನನ್ನ ಮಗಳಿಗೆ ನಾನು ಯಾರೆಂದು ಗೊತ್ತಾಗುತ್ತಿಲ್ಲ ಎನ್ನಿಸಿತು. ಆಗಲೂ ಬಾಯಿ ತನ್ನ ಪಾಡಿಗೆ ತಾನು ಗೈಡನ್ನು ಬೈಯುತ್ತಿತ್ತು. ಅವನೂ ತಲೆ ಹಿಡಿದುಕೊಂಡು ಕುಕ್ಕುರುಗಾಲಿನಲ್ಲಿ ಕುಳಿತಿದ್ದ. "ಸರ್, ಸಿರ್ ದರ್ದ್ ತೋ ಹಮೇ ರೋಜ್ ಹೋತಾ ಹೈ," ಎಂದ. ತಲೆನೋವು ಅವರಿಗೆ ದಿನಾ ಇರುತ್ತದಂತೆ.

ಕೂಗಾಟ ಕೇಳಿ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. ಮಗಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಳ್ಳುವಾಗ ಮರಳಿನಲ್ಲಿ ಬಿದ್ದಿದ್ದ ಕೊಳವೆ ಅವಳ ಕೈಗೆ ತಾಗಿ ಬುಸುಗುಟ್ಟಿತು. ಅವಳು ಮುಖ ಸಿಂಡರಿಸಿ ಅದನ್ನು ದೂರ ತಳ್ಳಿದಳು.

"ಇದೆಂಥದು, ಪೂರಾ ಡೀಸೆಲ್ ಹೊಗೆ. ಇದನ್ನ ಯಾರೂ ನೋಡ್ಲಿಲ್ವಾ?"

"ನಾನೇ ನೋಡಿದ್ದೆ. ಏನೂ ಇರ್ಲಿಲ್ಲ," ಎಂದೆ.

ಅವಳು ನನ್ನ ಮೂಗನ್ನೇ ನೋಡಿದಳು. ಆ ಕ್ಷಣದಲ್ಲಿ ನನಗೆ ಅದು ಅರ್ಥವಾಗಲಿಲ್ಲ.

ಪುಣ್ಯಕ್ಕೆ ದ್ವೀಪದ ಆರೋಗ್ಯ ಕೇಂದ್ರ ಹತ್ತಿರವಿತ್ತು, ಡಾಕ್ಟರು ಇದ್ದರು, ಆಮ್ಲಜನಕ ಇತ್ತು. ಜನರೇಟರಿನ ಪಕ್ಕದಲ್ಲೇ ಸಿಲಿಂಡರ್ ತುಂಬುವ ಯಂತ್ರ ಇಟ್ಟಿದ್ದಾರೆ, ಅದು ಹೊಗೆಯನ್ನೇ ಎಳೆದು ತುಂಬಿದೆ, ಆಳಕ್ಕೆ ಹೋದಷ್ಟೂ ಆ ವಿಷ ಜೋರಾಗುತ್ತದೆ ಎಂದು ಡಾಕ್ಟರು ವಿವರಿಸಿದರು. ಇನ್ನು ಸ್ವಲ್ಪ ಹೊತ್ತು ಕೆಳಗಿದ್ದರೆ ನಾನು ನಿಮಗೆ ಬೇರೆ ಮಾತು ಹೇಳಬೇಕಾಗುತ್ತಿತ್ತು ಎಂದರು. ಮಧ್ಯಾಹ್ನದ ಹೊತ್ತಿಗೆ ಮಗಳು ಅಮ್ಮಾ ಎಂದು ಕರೆದಳು. ಆಗಲೇ ನಾವಿಬ್ಬರೂ ಹೊರಗಿನ ಬೆಂಚಿಗೆ ಬಂದು ಕುಳಿತದ್ದು.

"ನಿಮಗೆ ವಾಸನೆ ಗೊತ್ತಾಗಲ್ಲ," ಎಂದಳು ಹೆಂಡತಿ. "ಎರಡು ವರ್ಷ ಆಯ್ತು. ಆ ಜ್ವರ ಬಂದಿತ್ತಲ್ಲ, ಆವಾಗಿಂದ."

ನಾನು ನಕ್ಕೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಮತ್ತೆ ಬೆಳಿಗ್ಗೆ ಬೆಳಿಗ್ಗೆ ನಾನು ಮಾಡುವುದೇನು ಎಂದು ಕೇಳಿದೆ.

"ನೀವು ಇಂಗು ಸಾಲದು ಅಂತೀರಿ. ಅವರು ಡಬ್ಬಿ ತೆಗೆದು ಹಾಕಿದ ಹಾಗೆ ಮಾಡ್ತಾರೆ. ಮೊದಲ ಸಲ ನಿಜವಾಗ್ಲೂ ಹಾಕಿದ್ರು, ಆವತ್ತು ಹಂಡೆ ಪೂರ್ತಿ ಚೆಲ್ಲಬೇಕಾಯ್ತು. ಆಮೇಲಿಂದ ನೀವು ಗಲ್ಲಾಕ್ಕೆ ಹೋದ ಮೇಲೆ ನಾನು ಬಂದು ನೋಡ್ತೀನಿ."

"ಎಲ್ಲರಿಗೂ ಗೊತ್ತಾ?"

"ಪಾತ್ರೆ ತೊಳೆಯೋಳಿಗೂ ಗೊತ್ತು."

"ನನಗೆ ಹೇಳೋದಕ್ಕೆ ಏನಾಗಿತ್ತು?"

"ಯಾರಿಗಾದ್ರೂ ಮಾತು ಮುಗಿಸೋಕೆ ಬಿಟ್ಟಿದ್ದೀರಾ ನೀವು? ಎರಡು ಸಲ ಶುರು ಮಾಡಿದ್ದೆ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಲ್ಲಿ ಆ ಮೂಗೇ ಬೇಕಾಗುತ್ತೆ ಅಂತ ನನಗೇನು ಗೊತ್ತು. ಗೊತ್ತಿದ್ರೆ ಪಾಠದ ದಿನಾನೇ ಹೇಳ್ತಿದ್ದೆ."

ಎರಡು ವರ್ಷ ದಿನಾ ಬೆಳಿಗ್ಗೆ ನಾನು ಕಣ್ಣು ಮುಚ್ಚಿ ನಿಂತದ್ದು, ಏಳೆಂಟು ಜನ ಗಂಭೀರವಾಗಿ ನನ್ನ ಅಪ್ಪಣೆ ಕೇಳಿದ್ದು, ನಾನು ಬೆನ್ನು ತಿರುಗಿಸಿದ ಮೇಲೆ ಡಬ್ಬಿ ಮುಚ್ಚಿದ್ದು ಎಲ್ಲ ಕಣ್ಣ ಮುಂದೆ ಬಂತು. ಕಾಫಿಪುಡಿಯವನೂ ನೆನಪಿಗೆ ಬಂದ. ಆದರೆ ಬೇಗನೆ ಇನ್ನೊಂದು ಯೋಚನೆ ಬಂದು ಇದನ್ನೆಲ್ಲ ಪಕ್ಕಕ್ಕೆ ತಳ್ಳಿತು.

"ಅವಳಿಗೆ ಗೊತ್ತಾ?" ಎಂದು ಒಳಗೆ ಕೈ ತೋರಿಸಿದೆ.

"ನಾನಂತೂ ಹೇಳಿಲ್ಲ," ಎಂದಳು.

ಅದೊಂದು ಉತ್ತರವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮಗಳು ಅಪ್ಪನ ಮೂಗನ್ನು ನಂಬಿ ಮೋಸಹೋದಳು, ತಪ್ಪು ನನ್ನದು, ಕ್ಷಮೆ ಕೇಳುತ್ತೇನೆ. ಅಷ್ಟರಮಟ್ಟಿಗೆ ನನ್ನಿಂದ ತಡೆದುಕೊಳ್ಳಲಾಗುತ್ತಿತ್ತು.

ದೆಹಲಿಗೆ ಮರಳಿ ಹತ್ತು ದಿನವಾದ ಮೇಲೆ ಹೌಜ್ ಖಾಸ್ ಕಡೆಯ ಒಬ್ಬ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಮಗಳೇ ಕಾರು ಓಡಿಸಿದಳು. ಡಾಕ್ಟರು ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಮೂಗಿನ ಕೆಳಗೆ ಸಣ್ಣ ಶೀಷೆಗಳನ್ನು ಒಂದೊಂದಾಗಿ ಹಿಡಿದರು. ಲವಂಗ, ನಿಂಬೆ, ಕಾಫಿ, ಸೀಮೆಎಣ್ಣೆ. ಯಾವುದು ಯಾವುದೆಂದು ಆಮೇಲೆ ಅವರೇ ಹೇಳಿದರು. ನನಗೆ ಶೀಷೆ ಬದಲಾದದ್ದೇ ತಿಳಿದಿರಲಿಲ್ಲ.

ವಾಪಸು ಬರುವಾಗ ಕೆಂಪು ದೀಪಕ್ಕೆ ಕಾರು ನಿಂತಿತು. ಮುಂದಿನ ಬಸ್ಸು ಮಸುಕಾಗಿ ಕಾಣುತ್ತಿತ್ತು. ದಿನಗಟ್ಟಲೆ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತನ್ನು ತೆಗೆದೆ. "ನೋಡು, ಆವತ್ತು ಅಪ್ಪನ ಮೂಗನ್ನ ನಂಬಿ ನೀನು..."

"ನಂಬಿರಲಿಲ್ಲ ಪಪ್ಪಾ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ನಂಗೆ ಪತಾ ಥಾ, ನಿಮಗೆ ವಾಸನೆ ಬರಲ್ಲ ಅಂತ. ಮನೇಲಿ ಒಂದು ದಿನ ಹಾಲು ಸೀದು ತಳ ಹತ್ತಿತ್ತು, ನೀವು ಪಕ್ಕದಲ್ಲೇ ಪೇಪರ್ ಓದ್ತಾ ಇದ್ರಿ. ತಬ್ ಸೇ ಗೊತ್ತು."

"ಮತ್ತೆ ನೀನೇ ಒಂದು ಸಲ ಮೂಸಿ ನೋಡಬಹುದಿತ್ತಲ್ಲ," ಎಂದೆ.

"ಹಾಂ. ಕೈಯಲ್ಲೇ ಇತ್ತು." ದೀಪ ಹಸಿರಾಯಿತು, ಅವಳು ಗೇರು ಹಾಕಿದಳು. "ಮೊದಲ ಸಾನ್ಸ್‌ನಲ್ಲೇ ಟೇಸ್ಟ್ ಅಜೀಬ್ ಇತ್ತು, ಹೊಗೆ ಥರ. ಆದ್ರೆ ನೀವು ಓಕೆ ಅಂದ್ಮೇಲೆ ನಾನು ಚೆಕ್ ಮಾಡಿದ್ರೆ, ವಾಪಸ್ ಬಂದ್ರೆ, ಅಲ್ಲೇ ಎಲ್ಲರ ಮುಂದೆ ನೀವು ಕೂಗಾಡ್ತೀರಿ ಅಂತ. ಸೋಚಾ, ಅರ್ಧ ಗಂಟೆ ತಾನೆ, ತಡ್ಕೊಳ್ಳೋಣ ಅಂತ."

ನಾನು ಕೂಗಾಡುತ್ತಿದ್ದೆನೇ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಹೌದು, ಕೂಗಾಡುತ್ತಿದ್ದೆ.